ಹಲ್ಲಿನ ಡಾಕ್ಟರ ಸೂಕ್ಷ್ಮ ಕಿವಿ

"ಕಿವಿ ಎಲ್ಲರಿಗೂ ಇದೆ. ಆದ್ರೆ ಕೇಳಿಸೋದು ನನಗೊಬ್ಬನಿಗೇ!"

ಭಾನುವಾರ ಬೆಳಿಗ್ಗೆ ಹೀಗೆ ಘೋಷಿಸಿದ ಹಲ್ಲಿನ ಡಾಕ್ಟರ ಕೈಯಲ್ಲಿ ಒಂದೇ ಹಾಡುಗಳ ಎರಡು ರೆಕಾರ್ಡುಗಳಿದ್ದವು. ಒಂದು, ಕಾಲೇಜಿನ ದಿನಗಳಿಂದ ತಿರುಗಿಸಿ ತಿರುಗಿಸಿ ಸವೆಸಿದ್ದು. ಇನ್ನೊಂದು, ಅದನ್ನೇ ತಿಕ್ಕಿ ತೊಳೆದು 'ರೀಮಾಸ್ಟರ್' ಎಂಬ ಹೊಸ ಅಂಗಿ ತೊಡಿಸಿ ಮೂರು ಪಟ್ಟು ಬೆಲೆಗೆ ಬಿಟ್ಟದ್ದು. ಇಂಥವೇ ಇನ್ನೂ ಹನ್ನೊಂದು ಅಂಗಡಿಯಲ್ಲಿ ಡಾಕ್ಟರ ದಾರಿ ಕಾಯುತ್ತಿದ್ದವು.

ಗಣಿತ ಕಲಿಸುವ ಹೆಂಡತಿ ಕನ್ನಡಕ ಏರಿಸಿಕೊಂಡರು. "ಅದೇ ಹಾಡು, ಅದೇ ಗಂಟಲು. ದುಡ್ಡು ಮಾತ್ರ ಮೂರು ಪಟ್ಟು ಯಾಕ್ರೀ?"

"ಅಯ್ಯೋ, ಹಳೇದ್ರಲ್ಲಿ ಹೂತುಹೋಗಿದ್ದ ಸೂಕ್ಷ್ಮಗಳೆಲ್ಲ ಇದ್ರಲ್ಲಿ ಎದ್ದು ಬರುತ್ವೆ ಕಣೇ!"

"ಹಾಗೆ ಎದ್ದು ಬಂದದ್ದು ಒಂದೇ ಒಂದು ನನ್ನ ಕಿವಿಗೂ ಬೀಳ್ಲಿ. ಹನ್ನೊಂದೂ ತಗೊಳ್ಳಿ. ಇಲ್ದಿದ್ರೆ ಈ ಹುಚ್ಚು ಇವತ್ತಿಗೇ ಬಂದ್!"

ಪರೀಕ್ಷೆಗೆ ಮನೆ ಸಜ್ಜಾಯಿತು. ಕಿಟಕಿ ಮುಚ್ಚಿತು, ಫ್ಯಾನು ನಿಂತಿತು. ಮೊದಲು ಹಳೆಯದು ಹಾಡಿತು. ಅಷ್ಟರಲ್ಲಿ ಸ್ನಾನದ ಮನೆಯಿಂದ ವಾಷಿಂಗ್ ಮೆಷಿನ್ನಿನ ಗೊರಗೊರ! "ಅರಸಿಕ ಯಂತ್ರವೇ!" ಎಂದು ಡಾಕ್ಟರು ಓಡಿ ಹೋಗಿ, ಪ್ಲಗ್ ಕೈಗೆಟುಕಲೆಂದು ಅದನ್ನು ಗೋಡೆಯಿಂದ ಎಳೆದು, ಪ್ಲಗ್ ಕಿತ್ತು ಬಂದರು. ಹಿಂದೆ ನೀರಿನ ಪೈಪು ಅರ್ಧ ಜಾರಿದ್ದನ್ನು ಆ ಸೂಕ್ಷ್ಮಗ್ರಾಹಿಗಳು ಗಮನಿಸಲಿಲ್ಲ.

ಈಗ ಹೊಸದರ ಸರದಿ. ಹಾಡು ಶುರುವಾಗಿ ಅರೆನಿಮಿಷವಾಗಿರಲಿಲ್ಲ. ಟಿಣ್... ಟಿಣ್ ಟಿಣ್... ಟಿಣಣ್!

"ಕೇಳಿಸ್ತಾ?" ಡಾಕ್ಟರು ಕುರ್ಚಿಯಿಂದ ಹಾರಿದರು. "ಜಲತರಂಗ! ಇಷ್ಟು ವರ್ಷ ಹಳೇದ್ರಲ್ಲಿ ಅಡಗಿ ಕೂತಿತ್ತು!"

ಹೆಂಡತಿಯ ಕಣ್ಣರಳಿತು. "ಹೌದ್ರೀ! ನಂಗೂ ಕೇಳಿಸ್ತು!"

ಮುಗಿಯಿತು! ಡಾಕ್ಟರು ಅಲ್ಲೇ ಫೋನ್ ಎತ್ತಿ ಅಂಗಡಿಗೆ ಅಪ್ಪಣೆಯಿತ್ತರು: "ಹನ್ನೊಂದೂ ಕಳಿಸಿ!" ಫೋನಿಟ್ಟು ಕಣ್ಮುಚ್ಚಿದರು. "ಆಹಾ! ಪಾದದವರೆಗೂ ತಂಪಾಗ್ತಿದೆ ಕಣೇ. ಸಂಗೀತ ಅಂದ್ರೆ ಇದು!"

"ರೀ, ನನ್ನ ಪಾದಾನೂ ತಂಪಾಗಿದೆ," ಎಂದು ಹೆಂಡತಿ ಕೆಳಗೆ ನೋಡಿದರು. ಅವರ ಚಪ್ಪಲಿ ತೇಲಿಕೊಂಡು ಸೋಫಾದ ಕಡೆ ಹೊರಟಿತ್ತು!

ಸ್ನಾನದ ಮನೆಯಲ್ಲಿ ಕವುಚಿಟ್ಟಿದ್ದ ಸ್ಟೀಲ್ ಬೋಗುಣಿಗಳ ಮೇಲೆ ಪೈಪು ಕಛೇರಿ ನಡೆಸುತ್ತಿತ್ತು. "ಆಚೆ ಸರಿ ಕಣೇ, ನಾನಿದ್ದೀನಿ!" ಎಂದ ಡಾಕ್ಟರು ನಲ್ಲಿ ನಿಲ್ಲಿಸಲು ಹೋದರು. ಇಪ್ಪತ್ತು ವರ್ಷ ಹಲ್ಲು ಕಿತ್ತ ಕೈ! ಎಡಕ್ಕೊಮ್ಮೆ ಅಲ್ಲಾಡಿಸಿ, ಬಲಕ್ಕೊಮ್ಮೆ ಅಲ್ಲಾಡಿಸಿ ಎಳೆದರು. ನಲ್ಲಿ ಬೇರುಸಹಿತ ಕೈಗೆ ಬಂತು. ಅದರ ಹಿಂದೆಯೇ ನೀರು ಅವರ ಮುಖಕ್ಕೆ ಚಿಮ್ಮಿತು. ಕೆಳಗಿನ ಮನೆಯವರು ಬಂದು ಬಾಗಿಲು ಬಡಿದರು. "ನಮ್ಮ ಮಂಚದ ಮೇಲೆ ಸುರೀತಿದೆ!"

ಪ್ಲಂಬರ್ ಬಂದ. ಮೇನ್ ವಾಲ್ವ್ ತಿರುಗಿಸಿ ಎರಡೇ ನಿಮಿಷದಲ್ಲಿ ಪ್ರಳಯ ನಿಲ್ಲಿಸಿದ. ನಡುಮನೆಯಲ್ಲಿ ರೆಕಾರ್ಡು ಇನ್ನೂ ಹಾಡುತ್ತಲೇ ಇತ್ತು. ಜಲತರಂಗದ ಸುಳಿವೇ ಇಲ್ಲ. ತೊಯ್ದು ತೊಪ್ಪೆಯಾಗಿದ್ದ ಡಾಕ್ಟರಿಗೆ ಈಗ ಹಳೆಯದೂ ಒಂದೇ, ಹೊಸದೂ ಒಂದೇ. ಹೆಂಡತಿ ಆರ್ಡರ್ ರದ್ದು ಮಾಡಲು ಫೋನಿಗೆ ಕೈ ಹಾಕಿದರು.

ಸ್ಪ್ಯಾನರ್ ಹಿಡಿದ ಪ್ಲಂಬರ್ ತಲೆಯೆತ್ತಿದ. "ರೀಮಾಸ್ಟರ್ ಅಲ್ವಾ ಸಾರ್ ಇದು? ಹಳೇದ್ರಲ್ಲಿ ಈ ಕೊಳಲು ಹಿಂದೆಲ್ಲೋ ಇತ್ತು. ಇದ್ರಲ್ಲಿ ಮುಂದೆ ಬಂದಿದೆ."

ಡಾಕ್ಟರಿಗೆ ಹೋದ ಜೀವ ಬಂದಂತಾಯಿತು! "ಕೇಳಿದ್ಯಾ? ನಾನು ಹೇಳ್ಲಿಲ್ವಾ! ಫೋನ್ ಇಡೇ!" ಎಂದವರೇ ಪ್ಲಂಬರನ ಕೈ ಹಿಡಿದು ಕುಲುಕಿದರು. "ನಿಮ್ಮಂಥ ರಸಿಕರಿಗೇ ಗೊತ್ತು ಇದರ ಬೆಲೆ! ನಿಮ್ಮ ಹತ್ರ ಇಂಥವು ಎಷ್ಟಿವೆ?"

"ಅಯ್ಯೋ, ನಂಗ್ಯಾಕೆ ಸಾರ್?" ಪ್ಲಂಬರ್ ಸಂಕೋಚದಿಂದ ನಕ್ಕ. "ಕಿವಿ ಸರಿ ಇರೋರಿಗೆ ಹಳೇದ್ರಲ್ಲೇ ಎಲ್ಲಾ ಕೇಳ್ಸುತ್ತೆ."