ಬ್ಲೋವರ್ ಮೋಟರೂ ನನ್ನ ಮರ್ಯಾದೆಯೂ

ಕಾರು ಕೆಟ್ಟರೆ ರಿಪೇರಿ ಮಾಡಬಹುದು; ಕಾರಿನ ಸುತ್ತ ನೆರೆಯುವ ಮಂದಿಯನ್ನು ರಿಪೇರಿ ಮಾಡುವ ಪಾನಾ ಇನ್ನೂ ಯಾರೂ ಮಾಡಿಲ್ಲ. ಮರಾಠಿ ಸೀಮೆಯ ಬಿಬವೇವಾಡಿಯಲ್ಲಿ ಗ್ಯಾರೇಜು ಹಾಕಿದ ದಿನದಿಂದ ನನಗೆ ಇದೇ ಗೋಳು. ಅದರಲ್ಲೂ ಬ್ಲೋವರ್ ಮೋಟರಿನ ಕೆಲಸ ಬಂತೆಂದರೆ ನನ್ನ ಮರ್ಯಾದೆ ಹೋಯಿತೆಂದೇ ಲೆಕ್ಕ. ಹೀಟರಿನ ಗಾಳಿ ಊದುವ ಈ ಪುಟ್ಟ ಮೋಟರನ್ನು ಎಡಗಡೆ ಡ್ಯಾಶ್‌ಬೋರ್ಡಿನ ಹಿಂದೆ, ಕೈ ಹೋಗದಂಥ ಸಂದಿಯಲ್ಲಿ ಕೂರಿಸಿರುತ್ತಾರೆ. ಅದು ಜಾಮ್ ಆದರೆ ನಾನು ಸೀಟಿನ ಮೇಲೆ ಕಾಲು ಚಾಚಿ, ಕಾಲಿಡುವ ಜಾಗದಲ್ಲಿ ತಲೆ ತೂರಿಸಿ ಮಲಗಬೇಕು. ತಲೆಕೆಳಗಾದ ಮನುಷ್ಯನೆಂದರೆ ಎಲ್ಲರಿಗೂ ಸದರ.

ಕಾಲಿಗೆ ಕೇಳಿದ ದಾರಿ

ಒಂದು ಬೆಳಿಗ್ಗೆ ಹಾಗೆ ಮಲಗಿ ಸ್ಕ್ರೂ ಬಿಚ್ಚುತ್ತಿದ್ದೆ. ದಾರಿಯಲ್ಲಿ ಹೋಗುತ್ತಿದ್ದ ಅಜ್ಜಿಯೊಬ್ಬಳು ಬಂದು ಬಾಗಿಲಾಚೆ ಚಾಚಿದ್ದ ನನ್ನ ಅಂಗಾಲನ್ನು ಕೊಡೆಯ ತುದಿಯಿಂದ ತಿವಿದು, ಶಿವಾಜಿನಗರದ ಬಸ್ಸು ಎಲ್ಲಿ ನಿಲ್ಲುತ್ತದೆಂದು ಮರಾಠಿಯಲ್ಲಿ ಕೇಳಿದಳು. "ಮುಂದಿನ ಚೌಕಿನಲ್ಲಿ, ಬಲಕ್ಕೆ" ಎಂದು ಒಳಗಿಂದಲೇ ಕೂಗಿದೆ. ಕೈ ಖಾಲಿ ಇರಲಿಲ್ಲ, ಬಲಗಾಲೆತ್ತಿ ದಿಕ್ಕನ್ನೂ ತೋರಿಸಿದೆ. ಉಪಕಾರ ಮಾಡಿದವನು ನಾನು. ಅಜ್ಜಿ ಪಕ್ಕದ ಪಾನ್ ಅಂಗಡಿಯವನಿಗೆ ಹೇಳಿದ್ದೇನು? "ಪಾಪ, ಒಳ್ಳೆಯವನೇ. ಆದರೆ ಇಷ್ಟು ಬೆಳಿಗ್ಗೆಯೇ ಕುಡಿಯಬಾರದು."

ಯಾರದೋ ಪೇಢೆ

ನಮ್ಮ ಗದಗಿನ ಕಡೆಯ ಬಟ್ಟೆ ವ್ಯಾಪಾರಿಯೊಬ್ಬರು ಹೆಂಡತಿಯ ಜೊತೆ ಬಂದರು. ವ್ಯಾಪಾರಿಗೆ ಸಕ್ಕರೆ ಕಾಯಿಲೆ. ಬ್ಲೋವರ್ ತಿರುಗುತ್ತಿರಲಿಲ್ಲ. ಮೋಟರಿಗೆ ಕೈ ಹಾಕಬೇಕಾದರೆ ಮೊದಲು ಡ್ಯಾಶ್‌ಬೋರ್ಡಿನ ಖಾನೆ ಕಳಚಬೇಕು. ಕಳಚಿದೆ. ಅದರೊಳಗಿಂದ ಪೇಢೆಯ ಡಬ್ಬಿ ಜಾರಿ ಆಕೆಯ ಕಾಲ ಬಳಿ ಬಿತ್ತು.

"ಇದೇನ್ರೀ?" ಎಂದರು ಆಕೆ.

ವ್ಯಾಪಾರಿ ಕಣ್ಣು ಮಿಟುಕಿಸದೆ, "ಈ ಮೆಕ್ಯಾನಿಕ್‌ರದು ಇರಬೇಕು, ಹೋದ ಸಲ ಗಾಡಿ ಬಿಟ್ಟಾಗ ಮರ್ತಾರ. ಅವರಿಗೆ ಪೇಢೆ ಅಂದ್ರ ಜೀವ" ಎಂದರು.

ನಾನು ಬಾಯಿ ತೆರೆಯುವಷ್ಟರಲ್ಲಿ ಹೆಂಡತಿಯ ಬೆನ್ನ ಹಿಂದೆ ನಿಂತು ಕೈಮುಗಿದರು. ಡಬ್ಬಿಯನ್ನೆತ್ತಿ ನನ್ನ ಚೀಲಕ್ಕೆ ಹಾಕಿಕೊಂಡೆ. ಮೋಟರ್ ಹೊರತೆಗೆದರೆ ಫ್ಯಾನಿನ ತುಂಬ ಇಲಿಗೂಡು, ಗೂಡಿನ ತುಂಬ ಪೇಢೆ ಡಬ್ಬಿಯ ರಟ್ಟಿನ ಚೂರು! "ನಿಮ್ಮ ಬಾಯಿ ಚಪಲಕ್ಕ ನಮ್ಮ ಗಾಡ್ಯಾಗ ಇಲಿ ಸಾಕೀರೇನು?" ಎಂದು ಆಕೆ ಬೀದಿಗೆ ಕೇಳುವಂತೆ ನನ್ನನ್ನು ಬೈದರು. ಬೈಸಿಕೊಂಡೆ.

ಸಂಜೆ ವ್ಯಾಪಾರಿ ಒಬ್ಬರೇ ಬಂದರು. ಕ್ಷಮೆ ಕೇಳಲಿಕ್ಕೆ ಬಂದಿರಬೇಕೆಂದು ಕುರ್ಚಿ ಹಾಕಿದೆ.

"ಡಬ್ಬಿ ಎಲ್ಲಿ ಅದ?"

"ನಂದು ಅಂದ್ರಲ್ರೀ, ತಿಂದೆ."

ಅವರ ಮುಖ ಕೆಂಪಾಯಿತು. "ಮಂದಿ ಪೇಢೆ ತಿನ್ನಲಿಕ್ಕ ನಾಚಿಕಿ ಬರೂದಿಲ್ಲೇನ್ರೀ?"

ಅಭಿಮಾನದ ಕನ್ನಡ

ಹಿಂಜವಾಡಿಯಲ್ಲಿ ಕಂಪ್ಯೂಟರ್ ಕಂಪನಿಗಳು ಎದ್ದ ಮೇಲಿನ ಮಾತು. ಒಬ್ಬ ತರುಣ ಇಂಜಿನಿಯರಿನ ಕಾರಿನ ಬ್ಲೋವರ್ ಕೀಚ್ ಕೀಚ್ ಎಂದು ಕೂಗಿ ನಿಂತುಹೋಗಿತ್ತು. ಅವನು ಮುರುಕು ಮರಾಠಿಯಲ್ಲಿ ಕೇಳುತ್ತಿದ್ದ, ನಾನೂ ಮರಾಠಿಯಲ್ಲೇ ಉತ್ತರ ಕೊಡುತ್ತಿದ್ದೆ. ಮೋಟರ್ ಎಳೆಯುವಾಗ ಬೆರಳು ಸಿಕ್ಕಿ, "ಯವ್ವಾ, ಸತ್ತೆ!" ಎಂದು ಚೀರಿದೆ.

ಇಂಜಿನಿಯರ್ ಕುಣಿದೇಬಿಟ್ಟ. "ಅಯ್ಯೋ, ನೀವು ಕನ್ನಡದವರಾ ಸಾರ್! ನಾನು ಬೆಂಗಳೂರು!"

ನನ್ನ ಬೆರಳಲ್ಲಿ ರಕ್ತ, ಇವನಿಗೆ ರಾಜ್ಯೋತ್ಸವ. ಇರಲಿ, ನಮ್ಮ ಭಾಷೆಯವನಲ್ಲವೇ ಎಂದು ನಾನೂ ಕರಗಿದೆ. ಮೋಟರ್ ಬಿಚ್ಚಿ ಬಾಯಿತುಂಬ ವಿವರಿಸಿದೆ: "ನೋಡ್ರಿ, ಒಳಗ ಧೂಳು ಭಾಳ ಕುಂತದ. ಬುಷ್ ಒಣಗಿ ಗಚ್ಚಂತ ಹಿಡದದ. ಕಾರ್ಬನ್ನೂ ಸವದಾವ. ಎಲ್ಲಾ ಹಸನ ಮಾಡಿ, ಎಣ್ಣಿ ಬಿಟ್ಟು, ಹೊಸಾ ಕಾರ್ಬನ್ ಕೂಡಿಸ್ತೀನಿ. ಬರೋಬ್ಬರಿ ತಿರಗತದ."

ಅವನು ಬಾಯಿ ತೆರೆದುಕೊಂಡು ಕೇಳಿದ. ಆಮೇಲೆ ಸಂಕೋಚದಿಂದ, "ಬೇಜಾರು ಮಾಡ್ಕೋಬೇಡಿ ಸಾರ್. ಮರಾಠಿಯಲ್ಲೇ ಹೇಳಿ. ಅದು ಸ್ವಲ್ಪ ಅರ್ಥ ಆಗತ್ತೆ" ಎಂದ.

ಅರಿಶಿಣ

ನನ್ನ ತಂಗಿಗೆ ವರ ನೋಡುತ್ತಿದ್ದ ಕಾಲ. ಹಿಂದೆ ಬಂದವರು "ಅಣ್ಣನ ಮೈತುಂಬ ಗ್ರೀಸು" ಎಂದು ಮೂಗು ಮುರಿದು ಹೋಗಿದ್ದರು. ಈ ಸಲ ಸೊಲ್ಲಾಪುರದ ಕನ್ನಡದ ಮನೆತನ, ಹುಡುಗ ಬ್ಯಾಂಕಿನಲ್ಲಿ. "ಇವತ್ತರೆ ಮಾರಿ ತೊಳಕೊಂಡು, ಬಿಳೇ ಅಂಗಿ ಹಾಕ್ಕೊಂಡು, ಮನುಷ್ಯಾರ್ಗತೆ ಬಾ" ಎಂದು ಅವ್ವ ಹೇಳಿ ಕಳಿಸಿದ್ದಳು.

ಸಂಜೆ ಬಿಳಿ ಅಂಗಿ ತೊಟ್ಟು ಶಟರ್ ಎಳೆಯುತ್ತಿದ್ದೆ. ಮಳೆಯಲ್ಲಿ ಒಂದು ಕಾರು ಬಂದು ನಿಂತಿತು. ಒಳಗೆ ಗಂಡ, ಹೆಂಡತಿ, ಮಕ್ಕಳು. ಜೇಜುರಿಯ ಖಂಡೋಬನ ದರ್ಶನ ಮುಗಿಸಿ ಬಂದವರು. ಅಲ್ಲಿ ಭಕ್ತರು ಮುಷ್ಟಿ ಮುಷ್ಟಿ ಅರಿಶಿಣ ಪುಡಿ ತೂರುತ್ತಾರೆ. ಇವರು ಹೊಸ ಕಾರಿಗೂ ಪೂಜೆ ಮಾಡಿ, ಬಾನೆಟ್ಟಿನ ಮೇಲೆ ಚೀಲಗಟ್ಟಲೆ ಸುರಿದಿದ್ದರು. ಅದೆಲ್ಲ ಗಾಜಿನ ಬುಡದ ಕಿಂಡಿಯಿಂದ ಇಳಿದು ಬ್ಲೋವರ್ ಜಾಮ್ ಆಗಿತ್ತು. ಗಾಜಿನ ತುಂಬ ಹಬೆ, ದಾರಿ ಕಾಣುತ್ತಿಲ್ಲ. ಮಕ್ಕಳ ಮುಖ ನೋಡಿ ಒಲ್ಲೆ ಎನ್ನಲಾಗಲಿಲ್ಲ.

ಅಂಗಿಗೆ ಗ್ರೀಸಿನ ಒಂದು ಹನಿಯೂ ತಾಗದಂತೆ ಮೋಟರ್ ತೆಗೆದು, ಉಜ್ಜಿ, ಮತ್ತೆ ಕೂರಿಸಿದೆ. "ಕೊಳವೆಯೊಳಗೆ ಇನ್ನೂ ಪುಡಿ ಇದೆ, ಸ್ವಿಚ್ ಮುಟ್ಟಬೇಡಿ" ಎಂದು ಹೇಳಿ, ಒಳಗೆಷ್ಟಿದೆ ನೋಡಲು ಗಾಳಿ ಬರುವ ಜಾಲರಿಗೆ ಕಣ್ಣು ಹಚ್ಚಿದೆ. "ತಿರುಗುತ್ತಾ ನೋಡೋಣ" ಎಂದು ಆ ಪುಣ್ಯಾತ್ಮ ಸ್ವಿಚ್ಚನ್ನು ಕೊನೆಯವರೆಗೆ ತಿರುಗಿಸಿದ.

ಭುಸ್ಸ್!

ಹಿಂದಿನ ಸೀಟಿನವರು ಕೈಮುಗಿದು "ಜೈ ಮಲ್ಹಾರ!" ಎಂದು ಖಂಡೋಬನಿಗೆ ಜಯಕಾರ ಕೂಗಿದರು. ನಾನು ಕೂದಲಿನಿಂದ ಸೊಂಟದವರೆಗೆ ಹಳದಿ. "ನೋಡಿ, ನಿಮಗೆ ಕೂತಲ್ಲೇ ಪ್ರಸಾದ ಸಿಕ್ಕಿತು" ಎಂದ ಅವನು, ನಾನೇ ಅವನಿಗೆ ಋಣಿ ಎಂಬಂತೆ. ನೀರು ಹಚ್ಚಿ ತಿಕ್ಕಿದೆ. ಅರಿಶಿಣಕ್ಕೆ ನೀರು ತಾಗಿದರೆ ಕೇಳಬೇಕೇ, ಇನ್ನಷ್ಟು ಹತ್ತಿಕೊಂಡಿತು.

ನಮ್ಮ ಮನೆಗೆ ಇರುವುದೇ ಒಂದು ಬಾಗಿಲು. ಒಳಗೆ ಕಾಲಿಟ್ಟೆ, ಬೀಗರಾಗಬೇಕಾದವರೆಲ್ಲ ಎದುರಿಗೇ ಕೂತಿದ್ದಾರೆ. ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಈ ಸಂಬಂಧವೂ ನನ್ನಿಂದಲೇ ಮುರಿಯಿತು ಅಂದುಕೊಂಡೆ. ಹುಡುಗನ ಅಜ್ಜ ಕನ್ನಡಕ ಸರಿಮಾಡಿಕೊಂಡು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

ಅಡುಗೆಮನೆಯಲ್ಲಿದ್ದ ತಂಗಿ ಬಾಗಿಲ ಸಂದಿಯಿಂದ ನನ್ನನ್ನು ಕಂಡು ತಡೆಯಲಾರದೆ ಕಿಲಕಿಲ ನಕ್ಕಳು. ಆ ನಗು ಕೇಳಿಯೇ ತಾನು ಒಪ್ಪಿದ್ದೆಂದು ಹುಡುಗ ಆಮೇಲೆ ಹೇಳಿದ. ಆದರೆ ಆ ಹೊತ್ತಿಗೆ ಅದು ನನಗೆಲ್ಲಿ ಗೊತ್ತು? ನನಗೆ ಕೇಳಿಸಿದ್ದು ಅಜ್ಜನ ಮಾತೊಂದೇ:

"ಏನ್ರೀ, ನಾವಿನ್ನಾ ಹುಡುಗಿ ನೋಡಲಿಕ್ಕ ಬಂದೀವಿ. ನೀವಾಗಲೇ ಅರಿಶಿಣಾ ಹಚ್ಚಿಕೊಂಡು ತಯಾರಾದ್ರಿ?"