ಪತ್ನಿಯ ಸೊಂಟನೋವಿನ ಪರವಾಗಿ ಪತಿ ಉತ್ತರಿಸುವುದನ್ನು ನಿಷೇಧಿಸುವ ಕುರಿತು

ದೀರ್ಘಕಾಲೀನ ನೋವು (ಆನ್‌ಲೈನ್ ಸಮಾಲೋಚನೆ) ವಿಭಾಗ, ಠಾಣೆ ನಗರ (ಮುಂಬಯಿ ಸಮೀಪ)
ಕ್ರಮಾಂಕ: ದೀನೋವಿ/ಸೊಂಟ/ಪತಿ/07

ಉಲ್ಲೇಖ: ಮಾಜಿವಾಡಾದ ಆಪ್ತಸಮಾಲೋಚಕಿ ಶ್ರೀಮತಿ ರಮಿತಾ ಅವರ ವರದಿ. (ವರದಿಯ ಕೊನೆಯಲ್ಲಿ ನಗುವ ಮುಖದ ಚಿತ್ರ ಹಾಕಿರುವುದನ್ನು ವಿಭಾಗವು ಗಂಭೀರವಾಗಿ ಪರಿಗಣಿಸಿದೆ.)

1. ಕಾಮೋಠೆಯ ಶ್ರೀಮತಿ ಪಾರವ್ವ ಅವರು ಹಲವು ವರ್ಷಗಳಿಂದ ಸೊಂಟನೋವಿನಿಂದ ಬಳಲುತ್ತಿದ್ದು, ಮಾತ್ರೆಯ ಜೊತೆಗೆ ಮನಸ್ಸಿಗೂ ಆಸರೆ ಬೇಕೆಂದು ವೈದ್ಯರು ತಿಳಿಸಿದ ಮೇರೆಗೆ ವಿಡಿಯೊ ಸಮಾಲೋಚನೆಗೆ ಸೇರಿರುತ್ತಾರೆ.

2. ಮೊದಲ ಭೇಟಿಯಲ್ಲಿ ನೋವು ಹೇಗಿದೆಯೆಂದು ರಮಿತಾ ಕೇಳಲಾಗಿ, ಪಾರವ್ವ ಬಾಯಿ ತೆರೆಯುವ ಮುನ್ನವೇ ಪತಿ ಶ್ರೀ ಅಪ್ಪಾಸಾಹೇಬ ಅವರು ಪರದೆಯೊಳಗೆ ಮುಖ ತೂರಿಸಿ, "ಏನೂ ಇಲ್ರೀ ಮೇಡಂ, ಗ್ಯಾಸ್ ಅಷ್ಟ. ಭಾಜಿ ಮಾರ್ಕೆಟಿಗೆ ಅರಾಮ ನಡೀತಾಳ" ಎಂದು ಹೇಳಿಕೆ ನೀಡಿರುತ್ತಾರೆ. ಸದರಿ ಸೊಂಟವು ಅವರದ್ದಲ್ಲವೆಂಬ ಅಂಶವನ್ನು ಗಮನಕ್ಕೆ ತರಲಾಯಿತು. ಎರಡನೇ ಭೇಟಿಯಲ್ಲೂ ಅವರೇ ಉತ್ತರಿಸಿದರು.

3. ಆದ್ದರಿಂದ, ಸಮಾಲೋಚನೆಯ ವೇಳೆ ಪತಿಯರು ಅಡುಗೆಮನೆಯಲ್ಲಿರತಕ್ಕದ್ದು. ಅಲ್ಲಿಂದ ಕೆಮ್ಮುವುದನ್ನು ಉತ್ತರವೆಂದೂ, ಸ್ಟೀಲ್ ಡಬ್ಬಿ ಬೀಳಿಸುವುದನ್ನು ಹೆಚ್ಚುವರಿ ಉತ್ತರವೆಂದೂ ಪರಿಗಣಿಸಲಾಗುವುದು. ಒಂದೇ ಕೋಣೆಯ ಮನೆಯವರು ಗ್ಯಾಲರಿಯಲ್ಲಿ ಬಟ್ಟೆ ಒಣಹಾಕುತ್ತಿರತಕ್ಕದ್ದು. ಬಟ್ಟೆ ಮುಗಿದಲ್ಲಿ ಒಣಗಿದ್ದನ್ನೇ ಮತ್ತೆ ಹಾಕತಕ್ಕದ್ದು.

4. ಮೂರನೇ ಭೇಟಿಯಲ್ಲಿ ಕಣ್ಣು ಮುಚ್ಚಿ ನಿಧಾನವಾಗಿ ಉಸಿರಾಡಲು ರಮಿತಾ ಸೂಚಿಸಿದರು. ಬಾಗಿಲ ಹಿಂದೆ ಅಡಗಿದ್ದ ಅಪ್ಪಾಸಾಹೇಬರು ಅನಧಿಕೃತವಾಗಿ ಸೂಚನೆ ಪಾಲಿಸಿ, ನಿಂತಲ್ಲೇ ನಿದ್ರಿಸಿ, ಗೊರಕೆ ಹೊಡೆದಿರುತ್ತಾರೆ. ಪಾರವ್ವ ಕಣ್ಣು ತೆರೆದು, "ಈಗ ಹೇಳ್ತೀನ್ರೀ ಮೇಡಂ. ನೋವಿಗಿಂತ, ನೋವ ಇಲ್ಲ ಅಂತಾರಲ್ರೀ, ಅದು ಭಾಳ ಕಾಡ್ತೈತಿ" ಎಂದರು. ಗೊರಕೆಯು ತಕ್ಷಣ ನಿಂತಿತೆಂದು ವರದಿಯಾಗಿದೆ.

5. ಅಪ್ಪಾಸಾಹೇಬರು ಹೊರಬಂದು, ಪತ್ನಿಯ ಪಕ್ಕ ಕೂತು, "ಎಲ್ಲೆ ನೋಯ್ತೈತಿ, ಹೇಳು" ಎಂದು ಕೇಳಿದರು. ಮದುವೆಯಾದಂದಿನಿಂದ ಈ ಪ್ರಶ್ನೆ ಬಂದಿದ್ದು ಇದೇ ಮೊದಲೆಂದು ಪಾರವ್ವ ದೃಢೀಕರಿಸಿದ್ದಾರೆ. ಉತ್ತರವು ರಮಿತಾ ಕರೆ ಮುಗಿಸಿದ ನಂತರವೂ ಮುಂದುವರಿದು, ಕುಕ್ಕರಿನಲ್ಲಿದ್ದ ಬೇಳೆ ತಳ ಹಿಡಿದಿದೆ. ಬೇಳೆಗೆ ವಿಭಾಗವು ಹೊಣೆಯಲ್ಲ.

6. ಇನ್ನು ಮುಂದೆ ಪತಿಯರಿಗೆ "ಹ್ಞೂಂ" ಅನ್ನಲು ಅನುಮತಿ ಇದೆ. ಮೊಬೈಲ್ ನೋಡುತ್ತ ಹೇಳಿದ "ಹ್ಞೂಂ" ಅಸಿಂಧು.

7. ನೋವು ಹೋಯಿತೇ ಎಂದು ನಂತರದ ಭೇಟಿಯಲ್ಲಿ ವಿಚಾರಿಸಲಾಗಿ, ಪಾರವ್ವ ನಗುತ್ತ ನೀಡಿದ ಹೇಳಿಕೆಯನ್ನು ಯಥಾವತ್ತಾಗಿ ದಾಖಲಿಸಲಾಗಿದೆ: "ಐತ್ರೀ. ಆದ್ರ ಈಗ ಮನ್ಯಾಗ ಇಬ್ಬರಿಗೆ ಗೊತ್ತೈತಿ."

ಸಹಿ/-
ಹರಿಶ್ಚಂದ್ರ
ಪ್ರಭಾರ ಅಧಿಕಾರಿ

ಪ್ರತಿಗಳು:
ಅ) ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯ ಸಮಸ್ತ ಪತಿಯರಿಗೆ, ಜೋರಾಗಿ ಓದಲು.
ಆ) ಅತ್ತೆಯಂದಿರಿಗೆ, ಮಾಹಿತಿಗಾಗಿ ಮಾತ್ರ, ಅಭಿಪ್ರಾಯ ಕೋರಿಲ್ಲ.
ಇ) ಕಚೇರಿ ಪ್ರತಿ (ಸಹಿ ಮಾಡಿದ ಅಧಿಕಾರಿಯ ಪತ್ನಿ ಓದಲು ಒಯ್ದಿದ್ದು, ಅಧಿಕಾರಿಯವರಿಗೆ ಮನೆಗೆ ಬೇಗ ಬರಲು ತಿಳಿಸಿದ್ದಾರೆ).