ಅತ್ತೆಯ ರಾಕ್ ಬ್ಯಾಂಡು

ನಮ್ಮ ಸೋದರತ್ತೆಗೆ ತಲೆ ಕೆಟ್ಟಿದೆ ಎಂಬ ಬಗ್ಗೆ ಮೊಳಕಾಲ್ಮೂರಿನ ನಮ್ಮ ಬೀದಿಯಲ್ಲಿ ಎರಡು ಮಾತಿಲ್ಲ. ಯಾವಾಗ ಕೆಟ್ಟಿತು ಎಂಬುದರಲ್ಲಿ ಮಾತ್ರ ಭಿನ್ನಾಭಿಪ್ರಾಯ! ಅರವತ್ತು ದಾಟಿದ ಹೆಂಗಸು, ಮನೆಮಾತು ತೆಲುಗು, ರೇಷ್ಮೆ ಸೀರೆ ನೇಯುವವರು. ಬೆಳಿಗ್ಗೆ ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟರೆಂದರೆ ಪಕ್ಕದಲ್ಲಿ ಮೊಬೈಲು, ಮೊಬೈಲಿನಲ್ಲಿ ರಾಕ್ ಬ್ಯಾಂಡು. ಭಜನೆಯಲ್ಲ, ಸಿನಿಮಾ ಹಾಡೂ ಅಲ್ಲ! ಬೆಂಗಳೂರಿನ ಗಡ್ಡದ ಹುಡುಗರು ಯಾರ ಹಂಗೂ ಇಲ್ಲದೆ ತಾವೇ ಕಟ್ಟಿಕೊಂಡ ಕನ್ನಡ ಬ್ಯಾಂಡು.

ಮಾವ ತೀರಿಕೊಂಡ ಮೇಲೆ ಅತ್ತೆ ಮಗ್ಗದ ಕೋಣೆಗೆ ಬೀಗ ಹಾಕಿದ್ದರು. ಒಂದು ದಿನ ನನ್ನ ಮೊಬೈಲಿನಲ್ಲಿ ಈ ಬ್ಯಾಂಡಿನ ಮೊದಲನೇ ಹಾಡು ಬರುತ್ತಿತ್ತು. ಡ್ರಮ್ಮು ಕೇಳಿದ್ದೇ, "ಒರೇ, ಥೇಟ್ ಮಗ್ಗದ ಸದ್ದು! ಇದ್ನ ಬಾರಿಸ್ತಿರೋನು ನೇಯೋರ ಮನೆ ಹುಡ್ಗನೇ ಇರ್ಬೇಕು" ಎಂದು ಎದ್ದು ಹೋಗಿ ಬೀಗ ತೆಗೆದರು. ಅಂದಿನಿಂದ ಆ ಹಾಡಿಲ್ಲದೆ ಲಾಳಿ ಆಡಿದ್ದಿಲ್ಲ. ಕರೆಂಟು ಹೋಗಿ ಮೊಬೈಲು ಸತ್ತರೆ ಮಗ್ಗಕ್ಕೂ ರಜೆ. ಕರೆಂಟು ಬೇಡುವ ಕೈಮಗ್ಗ ಲೋಕದಲ್ಲಿ ಇದೊಂದೇ ಇರಬೇಕು!

ಅಂಥ ಬ್ಯಾಂಡು ಚಳ್ಳಕೆರೆಗೆ ಬಂದರೆ ಅತ್ತೆ ಬಿಟ್ಟಾರೆಯೇ? ಮದುವೆಗೆ ಹೊರಟವರ ಹಾಗೆ ತಾವೇ ನೇಯ್ದ ಸೀರೆಯುಟ್ಟು, ಬುತ್ತಿ ಕಟ್ಟಿಕೊಂಡು, ನನ್ನನ್ನೂ ಎಳೆದುಕೊಂಡು ಬಸ್ಸು ಹತ್ತಿದರು. "ಆ ಹಾಡು ಅವ್ರ ಬಾಯಲ್ಲೇ ಕೇಳ್ಬೇಕು. ಕೇಳ್ದೆ ವಾಪಸ್ ಬರಲ್ಲ ನೋಡು" ಎಂದು ದಾರಿಯಲ್ಲೇ ಹೇಳಿಬಿಟ್ಟರು. ಬ್ಯಾಂಡಿನವರು ಆ ಹಾಡನ್ನು ವೇದಿಕೆಯಲ್ಲಿ ಹಾಡುವುದು ಬಿಟ್ಟು ಎಷ್ಟೋ ವರ್ಷವಾಗಿತ್ತು. ಅದನ್ನು ಅತ್ತೆಗೆ ಹೇಳುವ ಧೈರ್ಯ ಯಾರಿಗಿತ್ತು?

ಸಂಜೆ ಮೈದಾನದಲ್ಲಿ ಹುಡುಗ ಹುಡುಗಿಯರೆಲ್ಲ ಕುಣಿಯುತ್ತಿದ್ದರು. ಅತ್ತೆ ಮುಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಹಾಡಿನ ಮೇಲೆ ಹಾಡು ಕೇಳಿದರು. ತಮ್ಮದು ಬರಲೇ ಇಲ್ಲ. ಗಾಯಕ "ಇದೇ ಕೊನೇ ಹಾಡು" ಎಂದದ್ದೇ ತಡ, ಸೆರಗು ಸಿಕ್ಕಿಸಿಕೊಂಡು ನೇರ ವೇದಿಕೆಯ ಬುಡಕ್ಕೆ ಹೋದರು.

"ಏನಪ್ಪಾ, ನಿಮ್ ಮೊದಲ್ನೇ ಹಾಡು ಎಲ್ಲೋಯ್ತು?"

"ಅದನ್ನ ಹಾಡೋದು ಬಿಟ್ಟು ತುಂಬಾ ವರ್ಷ ಆಯ್ತಮ್ಮ."

"ನೀವು ಬಿಟ್ಟಿರ್ಬೋದು. ನಾನು ದಿನಾ ನೇಯ್ತೀನಿ."

"ಪದಾನೇ ಮರೆತೋಗಿದೆ ಅಮ್ಮಾ."

"ಅದಕ್ಕೇನಂತೆ, ನಾನು ಹೇಳ್ಕೊಡ್ತೀನಿ."

ಗಾಯಕ ನಗುತ್ತ ಬಗ್ಗಿ ಮೈಕು ಹಿಡಿದ. ಅತ್ತೆ ಎಳೆದರು ನೋಡಿ ಮೊದಲ ಸಾಲು, ಅಪ್ಪಟ ತೆಲುಗು ಧಾಟಿಯಲ್ಲಿ! ಡ್ರಮ್ಮಿನವನು ಹಿಡಿದೇಬಿಟ್ಟ. ಗಿಟಾರು ಸೇರಿತು. ಅತ್ತೆ ಕುರ್ಚಿಗೆ ಮರಳಿ ಕಾಲಲ್ಲಿ ಇಲ್ಲದ ಮಗ್ಗ ತುಳಿಯತೊಡಗಿದರು. ಬಲಗೈ ಗಾಳಿಯಲ್ಲಿ ಲಾಳಿ ಎಸೆಯಿತು, ಎಡಗೈ ಎಳೆಯನ್ನು ಬಡಿದು ಕೂರಿಸಿತು. ಹಿಂದಿದ್ದ ಹುಡುಗರು ಇದೇನೋ ಹೊಸ ಕುಣಿತವೆಂದು ತಿಳಿದರು. ನೋಡನೋಡುತ್ತ ಚಳ್ಳಕೆರೆಯ ಮೈದಾನವಿಡೀ ಸೀರೆ ನೇಯುತ್ತಿತ್ತು! ಹಾಡುತ್ತಿದ್ದ ಗಾಯಕನೂ ನೇಯ್ದ.

ಅತ್ತೆಯ ಒಂದು ವರಸೆ ಮಾತ್ರ ನನಗೆ ತಿಳಿಯಲಿಲ್ಲ. ಸಾಲು ಮುಗಿದಾಗಲೆಲ್ಲ ಕೈ ತಡೆದು, ಎಡಕ್ಕೆ ತಿರುಗಿ ಕಾಯುತ್ತಿದ್ದರು. "ಯಾಕತ್ತೆ ನಿಲ್ಲಿಸ್ತೀರಿ?" ಎಂದು ಕಿವಿಯಲ್ಲಿ ಕೂಗಿದೆ.

"ಅಂಚಿಗೆ ಬೇರೆ ಬಣ್ಣ ಅಲ್ವೇನೋ? ಆ ಲಾಳಿ ಪಕ್ಕ ಕೂತೋರು ಎಸೀಬೇಕು. ನಿಮ್ ಮಾವನ ಕೆಲ್ಸ ಅದು. ಈ ಹಾಡ್ನಲ್ಲೂ ಅಲ್ಲಿಗೆ ಸರಿಯಾಗಿ ಡ್ರಮ್ಮು ನಿಲ್ತೈತೆ ನೋಡು. ದಿನಾ ಎರಡೂ ನಾನೇ ಎಸೀತೀನಿ. ಇವತ್ತೊಂದಿನ ಅವ್ರಿಗೇ ಬಿಟ್ಟಿದೀನಿ."

ಮುಂದಿನ ಸಾಲು ಮುಗಿಯಿತು. ಡ್ರಮ್ಮು ನಿಂತಿತು. ಹುಟ್ಟಿದಾರಭ್ಯ ಮಗ್ಗ ಮುಟ್ಟದ ನಾನು ಅತ್ತೆಯ ಎಡಕ್ಕೆ ಕೂತು ಲಾಳಿ ಎಸೆದೆ. "ಹಂಗಲ್ಲ ಕಣೋ" ಎಂದು ಗದರಿದ ಅತ್ತೆ ನಗುತ್ತಿದ್ದರು, ಅಳುತ್ತಲೂ ಇದ್ದರು.